ವೆಂಡೆಲ್ ಸ್ಟ್ರೌಡ್‌ನ ಆಕಳಿಕೆ

ಒಬ್ಬೊಬ್ಬ ಶೂರನಿಗೆ ಒಂದೊಂದು ಆಯುಧ. ವೆಂಡೆಲ್ ಸ್ಟ್ರೌಡ್‌ನ ಆಯುಧ ಆಕಳಿಕೆ.

ಅದು ನೀವು ನಾವು ಆಕಳಿಸುವಂಥ ಆಕಳಿಕೆಯಲ್ಲ. ಮೊದಲು ಮೂಗಿನ ಹೊಳ್ಳೆ ಅರಳುತ್ತಿತ್ತು. ಆಮೇಲೆ ದವಡೆ ಕೀಲು ಕಳಚಿದಂತೆ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಕಣ್ಣಂಚಿನಲ್ಲಿ ಬೇಕಾದಾಗ ಒಂದು ಹನಿ ನೀರೂ ಬರುತ್ತಿತ್ತು. ಕೊನೆಗೆ ಅವನು ಗಡಿಯಾರ ನೋಡಿಕೊಂಡು, ಪಕ್ಕದವನಿಗೆ ಕೇಳಿಸುವಷ್ಟೇ ಜೋರಾಗಿ ಒಂದು ನಿಟ್ಟುಸಿರು ಬಿಡುತ್ತಿದ್ದ. ಕಂಡವರು, ಅಯ್ಯೋ ಪಾಪ, ಈ ಹುಡುಗನ ಆಟದಲ್ಲಿ ಹುರುಳಿಲ್ಲ ಎಂದುಕೊಳ್ಳಬೇಕು. ಹುರುಳಿದ್ದಾಗ ಮಾತ್ರ ಅವನು ಹಾಗೆ ಆಕಳಿಸುತ್ತಿದ್ದ.

ಕಾಲೇಜು ಹುಡುಗರ ಬ್ಯಾಸ್ಕೆಟ್‌ಬಾಲ್ ನೋಡುವುದೇ ಅವನ ಕಸುಬು. ಯಾವ ಹುಡುಗ ಮುಂದೆ ವೃತ್ತಿಪರ ತಂಡದಲ್ಲಿ ಕಾಲೂರಿ ನಿಲ್ಲುತ್ತಾನೆ, ಯಾವನು ಊರಿಗೆ ವಾಪಸಾಗಿ ಇನ್ಶೂರೆನ್ಸ್ ಮಾರುತ್ತಾನೆ ಎಂದು ಅವನು ಚಳಿಗಾಲವಿಡೀ ಅಲೆದು ತನ್ನ ತಂಡಕ್ಕೆ ಹೇಳಬೇಕು. ಜೂನ್ ತಿಂಗಳಲ್ಲಿ ಡ್ರಾಫ್ಟ್. ಅವತ್ತು ತಂಡಗಳು ಸರದಿಯ ಪ್ರಕಾರ ಒಂದೊಂದು ಹೆಸರು ಕೂಗುತ್ತವೆ. ಒಬ್ಬರು ಕೂಗಿದ ಹುಡುಗ ಇನ್ನೊಬ್ಬರಿಗೆ ಇಲ್ಲ. ಹಾಗಾಗಿ ಒಳ್ಳೆಯ ಹುಡುಗನನ್ನು ಕಂಡುಹಿಡಿಯುವುದು ಅರ್ಧ ಕೆಲಸವಾದರೆ, ಕಂಡುಹಿಡಿದದ್ದನ್ನು ಮುಖದ ಮೇಲೆ ಬರಗೊಡದಿರುವುದು ಇನ್ನರ್ಧ. ಕಾಲೇಜಿನವರೋ, ಎಲ್ಲ ತಂಡಗಳಿಂದ ಬಂದ ವೆಂಡೆಲ್‌ನಂಥ ಪರೀಕ್ಷಕರನ್ನೂ ಮದುವೆಯಲ್ಲಿ ಬೀಗರನ್ನು ಕೂರಿಸಿದ ಹಾಗೆ ಒಂದೇ ಸಾಲಿನಲ್ಲಿ ಕೂರಿಸುತ್ತಾರೆ. ಒಬ್ಬನ ಹುಬ್ಬು ಮೇಲೆದ್ದರೆ ಸಾಲಿಗೆ ಸಾಲೇ ತಿರುಗಿ ನೋಡುತ್ತದೆ. ಆ ಸಾಲಿನಲ್ಲೇ ವೆಂಡೆಲ್ ತನ್ನ ಆಕಳಿಕೆಯನ್ನು ಸಾಣೆ ಹಿಡಿದು ಹಿಡಿದು ಈ ಮಟ್ಟಕ್ಕೆ ತಂದಿದ್ದ.

ಈಗ ಮಹಾವೀರನಿಗೆ ಅರವತ್ತು ದಾಟಿದೆ. ಎಡ ಮೊಣಕಾಲು ಮಳೆ ಬರುವ ಮೊದಲೇ ಸುದ್ದಿ ಕೊಡುತ್ತದೆ. ಓಹಾಯೋ, ಇಂಡಿಯಾನಾ, ಐಯೋವಾಗಳ ಹೆದ್ದಾರಿ ಪಕ್ಕದ ಮೋಟೆಲುಗಳಲ್ಲಿ ಯಾವ ಹಾಸಿಗೆ ಯಾವ ಕಡೆ ಕುಸಿದಿದೆ ಎಂದು ಅವನ ಬೆನ್ನಿಗೆ ಬಾಯಿಪಾಠ. ಬೆಳಗಿನ ತಿಂಡಿಗೆ ಮೋಟೆಲಿನ ದೋಸೆಗಲ್ಲಿನಂಥ ಯಂತ್ರದಲ್ಲಿ ತಾನೇ ಹಿಟ್ಟು ಹೊಯ್ದು ಬೇಯಿಸಿಕೊಂಡ ವಾಫಲ್, ಮಧ್ಯಾಹ್ನ ಕಾರಿನಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್, ಸಂಜೆ ಪಾಪ್‌ಕಾರ್ನ್. ಅವನ ಸೂಟ್‌ಕೇಸಿನ ಎರಡು ಗಾಲಿಗಳಲ್ಲಿ ಒಂದು ಇಲ್ಲ. ಹೊಸದು ಕೊಳ್ಳೋಣವೆಂದರೆ ಹೆಂಡತಿ ಲೋರ್ನಾ ಒಪ್ಪಲಿಲ್ಲ.

"ಜೂನ್‌ಗೆ ಮನೇಲಿ ಕೂರ್ತೀಯ ಅಂತ ಎಲ್ರಿಗೂ ಹೇಳಿದೀನಿ," ಎಂದಳು. "ಮನೇಲಿ ಕೂರೋನಿಗೆ ಸೂಟ್‌ಕೇಸ್ ಯಾಕೆ?"

"ಕೂರ್ತೀನಿ ಅಂತ ನಾನು ಹೇಳಿಲ್ವಲ್ಲ."

"ನಿನ್ನ ಮೊಣಕಾಲು ಹೇಳ್ತು."

ಮೊಣಕಾಲು ಹೇಳಿದ್ದನ್ನೇ ತಂಡದ ಹೊಸ ಮುಖ್ಯಸ್ಥೆ ಮೆರೆಡಿತ್ ಕೇನ್ ಸ್ವಲ್ಪ ನಯವಾಗಿ ಹೇಳಿದ್ದಳು. ವೆಂಡೆಲ್‌ನ ಮಗಳ ವಯಸ್ಸಿನವಳು, ಚುರುಕು, ಮರ್ಯಾದಸ್ಥೆ.

"ವೆಂಡೆಲ್, ನಿಮ್ಮ ವರದಿ ಓದೋಕೆ ಭಾಳ ಚೆನ್ನಾಗಿರ್ತವೆ."

ಇಂಥ ಹೊಗಳಿಕೆಯ ಬೆನ್ನಿಗೇ ಕತ್ತಿ ಬರುತ್ತದೆಂದು ಅವನಿಗೆ ಗೊತ್ತಿತ್ತು. ಕುರ್ಚಿಯಲ್ಲಿ ಸರಿಯಾಗಿ ಕೂತುಕೊಂಡ.

"ಆದ್ರೆ ನೋಡಿ, ಇಷ್ಟು ವರ್ಷದಿಂದ ನೀವು ಒಳ್ಳೇವ್ನು ಅಂದ ಹುಡುಗ ಒಬ್ಬನೂ ನಮ್ಮ ಸರದಿವರೆಗೆ ಉಳ್ಕೊಂಡಿಲ್ಲ. ಅಷ್ಟರಲ್ಲಿ ಯಾರೋ ಎತ್ತಿಕೊಂಡು ಹೋಗಿರ್ತಾರೆ. ನಿಮ್ಮ ಕಣ್ಣು ಸರಿ ಇದೆ. ಹುಡುಗರು ಕೈಗೆ ಸಿಗ್ತಿಲ್ಲ."

"ಅದೃಷ್ಟ ಇಲ್ಲ, ಅಷ್ಟೆ."

"ಈ ಸಲ ಒಂದೇ ಹೆಸರು ಕೊಡಿ. ಅವನು ನಮಗೆ ಸಿಕ್ಕಿದ್ರೆ ನೀವೂ ಇರ್ತೀರಿ. ಇಲ್ಲಾಂದ್ರೆ ಜೂನ್‌ನಲ್ಲಿ ದೊಡ್ಡದೊಂದು ಕೇಕ್ ತರಿಸ್ತೀನಿ, ಎಲ್ರೂ ಬರ್ತಾರೆ."

ಬೀಳ್ಕೊಡುಗೆಯ ಕೇಕನ್ನು ವೆಂಡೆಲ್ ಬೇರೆಯವರಿಗಾಗಿ ಎಷ್ಟೋ ಸಲ ತಿಂದಿದ್ದ. ಅದರ ಮೇಲಿನ ಕೆನೆಯಲ್ಲಿ ಯಾವಾಗಲೂ ಸಕ್ಕರೆ ಹೆಚ್ಚು. ತನ್ನ ಹೆಸರು ಬರೆದ ಕೇಕು ತಿನ್ನದೆ ಇನ್ನೊಂದಿಷ್ಟು ಕಾಲ ಈ ಸಾಲಿನಲ್ಲಿ ಕೂರಬೇಕು ಎನ್ನುವುದಷ್ಟೇ ಅವನ ಆಸೆ. ಯಾಕೆ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಆ ಒಂದೇ ಹೆಸರು ಫೆಬ್ರವರಿಯಲ್ಲಿ, ಇಂಡಿಯಾನಾದ ದಕ್ಷಿಣದ ಒಂದು ಪುಟ್ಟ ಕಾಲೇಜಿನಲ್ಲಿ ಸಿಕ್ಕಿತು. ವೆಂಡೆಲ್ ವಾಡಿಕೆಯಂತೆ ಆಟಕ್ಕೆ ಎಷ್ಟೋ ಮೊದಲೇ ಬಂದು ಕೂತಿದ್ದ. ಪಕ್ಕದ ಕುರ್ಚಿಗೆ ಉಸಿರು ಬಿಡುತ್ತ ಬಂದವನು ಗಸ್ ಪಪಾಸ್. ಟೊಲೀಡೋ ಊರಿನ ಗ್ರೀಕರ ಮನೆಯವನು, ಹೊಟ್ಟೆ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಎದುರಾಳಿ ತಂಡದ ಪರೀಕ್ಷಕ, ಮತ್ತು ವೆಂಡೆಲ್‌ಗೆ ಈ ಜಗತ್ತಿನಲ್ಲಿರುವ ಅತಿ ಹಳೆಯ ಸ್ನೇಹಿತ. ಇಬ್ಬರೂ ಒಂದೇ ಪೊಟ್ಟಣದ ಪಾಪ್‌ಕಾರ್ನ್ ತಿನ್ನುತ್ತ ಒಬ್ಬರಿಗೊಬ್ಬರು ಸುಳ್ಳು ಹೇಳುತ್ತ ಮುದುಕರಾಗಿದ್ದರು.

"ಇನ್ನೂ ಬದುಕಿದೀಯಾ?" ಎಂದ ಗಸ್.

"ಸಾಯೋಣ ಅಂತಿದ್ದೆ. ನಿನ್ನ ಪಕ್ಕ ಕೂತ್ರೆ ಅದೇ ಆಗುತ್ತೆ ಅಂತ ಬಂದೆ."

"ಕೆಮ್ಮಿನ ಮಾತ್ರೆ ತಗೋ. ನಿಂಬೆಹಣ್ಣಿನ ರುಚಿದು."

ಹುಡುಗನ ಹೆಸರು ತವಾರಿಸ್ ಓಕ್ಸ್. ಸಣಕಲ, ಕಿವಿ ಎರಡೂ ತೆರೆದ ಬಾಗಿಲಿನಂತೆ ಹೊರಗೆ. ಅಂಕಗಳ ಲೆಕ್ಕದಲ್ಲಿ ನೋಡಿದರೆ ಅವನು ಎದ್ದು ಕಾಣುವವನಲ್ಲ. ಆದರೆ ವೆಂಡೆಲ್ ಹುಡುಗರನ್ನು ನೋಡುವುದು ಚೆಂಡು ಬುಟ್ಟಿಗೆ ಬಿದ್ದಾಗಲ್ಲ, ತಪ್ಪಿದಾಗ. ತಪ್ಪಿದ ಮರುಕ್ಷಣ ಒಬ್ಬ ಕೋಚ್ ಕಡೆ ನೋಡುತ್ತಾನೆ, ಒಬ್ಬ ಪ್ರೇಕ್ಷಕರ ಕಡೆ, ಒಬ್ಬ ತನ್ನ ಬೂಟಿನ ಕಡೆ. ಓಕ್ಸ್ ತಾನು ಈಗ ಅಡ್ಡಗಟ್ಟಬೇಕಾದ ಎದುರಾಳಿಯ ಕಡೆ ನೋಡಿದ, ನೋಡುವಾಗಲೇ ಹಿಂದಕ್ಕೆ ಓಡುತ್ತಿದ್ದ. ಕೋಚ್ ಅವನನ್ನು ಹೊರಗೆ ಕರೆದು ಕೂರಿಸಿದಾಗ ನೀರಿನ ಬಾಟಲಿಯನ್ನು ಮೊದಲು ಪಕ್ಕದವನಿಗೆ ಕೊಟ್ಟು, ಅಂಗಣದ ಒಂದು ಮೂಲೆಗೆ ಬೆರಳು ಮಾಡಿ ಏನೋ ಹೇಳಿದ. ಸ್ವಲ್ಪ ಹೊತ್ತಿಗೆ ಎದುರಾಳಿಗಳು ಅದೇ ಮೂಲೆಯಿಂದಲೇ ನುಗ್ಗಿದರು.

ವೆಂಡೆಲ್ ಮೊಣಕೈಗಳನ್ನು ತೊಡೆಯ ಮೇಲೂರಿ ಮುಂದಕ್ಕೆ ಬಾಗಿದ್ದ. ಆಟ ಮುಗಿದ ಗಂಟೆ ಬಾರಿಸಿದಾಗಲೇ ಅವನಿಗೆ ಮೈಮೇಲೆ ಪ್ರಜ್ಞೆ ಬಂದದ್ದು. ಪಾಪ್‌ಕಾರ್ನ್ ಮುಟ್ಟಿರಲಿಲ್ಲ. ಮತ್ತು ಭೂಮಿ ಬಾಯ್ಬಿಡಲಿ, ಅವನು ಆಕಳಿಸಿಯೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ, ಅದೂ ಈ ಒಂದೇ ಹೆಸರಿನ ವರ್ಷ, ಯೋಧ ಆಯುಧವನ್ನು ಒರೆಯಲ್ಲೇ ಮರೆತಿದ್ದ.

ಗಸ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಏನೋ, ಇವತ್ತು ಭಾರೀ ಎಚ್ಚರ ಇದೀಯ."

"ಕಾಫಿ ಜಾಸ್ತಿ ಆಯ್ತು ಕಣೋ."

"ಹೂಂ," ಎಂದ ಗಸ್, ಮಾತ್ರೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ. ಅದೊಂದು ಹೂಂ ವೆಂಡೆಲ್‌ನ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಕೂತಿತು.

ಮುಂದಿನ ವಾರ ನೆಬ್ರಾಸ್ಕಾ. ಹಿಮ ಬಿದ್ದು ವಿಮಾನ ರದ್ದಾಗಿ, ವೆಂಡೆಲ್ ಇಡೀ ದಿನ ಕಾರು ಓಡಿಸಿಕೊಂಡು ಹೋದ. ಒಂಟಿಗಾಲಿಯ ಸೂಟ್‌ಕೇಸು ಹಿಂದಿನ ಸೀಟಿನಲ್ಲಿ ತಿರುವಿಗೊಮ್ಮೆ ಮಗುಚಿ ಬೀಳುತ್ತಿತ್ತು. ಸಭಾಂಗಣದೊಳಗೆ ಹೀಟರುಗಳು ಬೇಕರಿಯ ಒಲೆಯಂತೆ ಉರಿಯುತ್ತಿದ್ದವು. ನೋಡಬೇಕಾದ ಹುಡುಗ ಕೋಲ್ಟನ್ ಬಾಶ್, ಏಳಡಿ ಎತ್ತರ, ರೈತರ ಮನೆಯವನು, ಬಾಗಿಲು ದಾಟುವಾಗ ತಲೆ ತಗ್ಗಿಸಿ ಬಾಗಿಲಿಗೂ ನಮಸ್ಕಾರ ಹೇಳುವಂಥ ಸಾಧು. ಆಡುವುದೂ ಹಾಗೆಯೇ, ಚೆಂಡಿಗೆ ದಾರಿ ಬಿಟ್ಟುಕೊಟ್ಟು.

ವೆಂಡೆಲ್‌ಗೆ ಆಕಳಿಕೆ ಬಂತು. ಇದು ಆಯುಧವಲ್ಲ, ಅಸಲಿ ಮಾಲು. ತೊಡೆ ಚಿವುಟಿಕೊಂಡ, ನಾಲಗೆ ಕಚ್ಚಿಕೊಂಡ, ಉಪಯೋಗವಾಗಲಿಲ್ಲ. ಒಂದರ ಬಾಲ ಹಿಡಿದು ಇನ್ನೊಂದು ಬಂತು. ದಿಬ್ಬಣದಂತೆ ಸಾಲುಗಟ್ಟಿ ಬಂದವು. ಕಣ್ಣಲ್ಲಿ ನೀರು ಧಾರಾಕಾರ. ಎರಡನೆಯ ಅರ್ಧದಲ್ಲಿ ಅವನ ತಲೆ ಗಸ್‌ನ ಭುಜಕ್ಕೆ ಒರಗಿತು ಎಂದೂ ಹೇಳುತ್ತಾರೆ.

ವಿಚಿತ್ರವೆಂದರೆ ಗಸ್ ಅವತ್ತು ಹಾಸ್ಯ ಮಾಡಲಿಲ್ಲ. ಒಮ್ಮೆ ವೆಂಡೆಲ್‌ನ ಮುಖ, ಒಮ್ಮೆ ಬಾಶ್‌ನ ಆಟ ನೋಡುತ್ತ ಕೂತಿದ್ದ. ಆಟ ಮುಗಿದ ಮೇಲೆ ಸ್ನೇಹಿತನನ್ನು ಮೃದುವಾಗಿ ತಟ್ಟಿ ಎಬ್ಬಿಸಿದ.

"ಎದ್ದೇಳು. ಹುಷಾರಾಗಿ ಕಾರ್ ಓಡಿಸು. ವಯಸ್ಸಾಯ್ತು ನಮಗೆ."

ಎಂಥ ಒಳ್ಳೆಯ ಮನುಷ್ಯ, ನನ್ನ ನಿದ್ದೆ ಕೆಡಿಸಲಿಲ್ಲ ಎಂದುಕೊಂಡ ವೆಂಡೆಲ್. ಬಾಶ್‌ನ ವರದಿಯಲ್ಲಿ ಅವನು ಬರೆದದ್ದು ಇಷ್ಟೆ: ಎತ್ತರ ಇದ್ದಾನೆ. ಅಮ್ಮನಿಗೆ ಒಳ್ಳೆಯ ಮಗ.

ಮೆರೆಡಿತ್‌ಗೆ ಅವನು ಓಕ್ಸ್ ಹೆಸರು ಕೊಟ್ಟ. ಅವಳು ಅಂಕವಷ್ಟೇ ಅಲ್ಲದೆ ಎಲ್ಲವನ್ನೂ ಎಣಿಸುವ ತನ್ನ ಲೆಕ್ಕಗಳ ಜೊತೆ ಹೋಲಿಸಿ ನೋಡಿ, "ನಮ್ಮ ಲೆಕ್ಕಾನೂ ಇದನ್ನೇ ಹೇಳ್ತಿದೆ," ಎಂದಳು. ಆದರೆ ವಸಂತದಲ್ಲಿ ಸರದಿಯ ಕ್ರಮ ಗೊತ್ತಾದಾಗ ವೆಂಡೆಲ್‌ನ ಹೊಟ್ಟೆಯಲ್ಲಿ ಕೂತಿದ್ದ ಹೂಂ ಎದ್ದು ನಿಂತಿತು. ಡ್ರಾಫ್ಟಿನ ಎರಡನೆಯ, ಅಂದರೆ ಕಡೆಯ ಸುತ್ತಿನ ಕೊನೆಯಲ್ಲಿ ಅವರ ತಂಡಕ್ಕೆ ಒಂದೇ ಸರದಿ. ಅದಕ್ಕೆ ಸರಿಯಾಗಿ ಮುಂಚಿನ ಸರದಿ ಗಸ್‌ನ ತಂಡದ್ದು.

ಡ್ರಾಫ್ಟಿನ ಸಂಜೆ ತಂಡದ ಕಚೇರಿಯಲ್ಲಿ ಎಲ್ಲರೂ ಉದ್ದ ಮೇಜಿನ ಸುತ್ತ ಕೂತಿದ್ದರು. ಹೊರಗೆ ಇನ್ನೂ ಬಿಸಿಲಿತ್ತು. ಸ್ಯಾಂಡ್‌ವಿಚ್ಚುಗಳ ಅಂಚು ಒಣಗಿ ಮೇಲಕ್ಕೆ ಸುರುಳಿಯಾಗುತ್ತಿತ್ತು. ಟಿವಿಯಲ್ಲಿ ಒಂದೊಂದೇ ಹೆಸರು ಬಂದು ಹೋಗುತ್ತಿತ್ತು, ಓಕ್ಸ್ ಇನ್ನೂ ಉಳಿದಿದ್ದ. ಮೂಲೆಯ ಫ್ರಿಜ್ಜಿನಲ್ಲಿ ದೊಡ್ಡದೊಂದು ಬಿಳಿ ಡಬ್ಬವಿರುವುದನ್ನು ವೆಂಡೆಲ್ ನೀರು ತರಲು ಹೋದಾಗ ಕಂಡಿದ್ದ. ತೆರೆದು ನೋಡುವ ಧೈರ್ಯವಾಗಲಿಲ್ಲ.

ಗಸ್‌ನ ತಂಡದ ಸರದಿ ಬಂತು. ವೆಂಡೆಲ್ ಕಣ್ಣು ಮುಚ್ಚಿಕೊಂಡ. ಮುಂದಕ್ಕೆ ಬಾಗಿ ಕೂತ ತನ್ನ ಆ ಭಂಗಿ, ಗಸ್‌ನ ಆ ನೋಟ, ಆ ನಿಂಬೆ ಮಾತ್ರೆ, ಎಲ್ಲ ಕಣ್ಣ ಮುಂದೆ ಬಂತು.

"ಕೋಲ್ಟನ್ ಬಾಶ್," ಎಂದಿತು ಟಿವಿ. "ನೆಬ್ರಾಸ್ಕಾ."

"ಯಾರನ್ನ?" ಎಂದಳು ಮೆರೆಡಿತ್, ಆಮೇಲೆ ತಡಮಾಡದೆ ಫೋನೆತ್ತಿ ಓಕ್ಸ್ ಹೆಸರು ಕೊಟ್ಟಳು. ಟಿವಿಯಲ್ಲಿ ಯಾವುದೋ ಹಳ್ಳಿಮನೆಯ ಹಜಾರ. ಬಾಶ್‌ನ ಅಜ್ಜಿ ಕಸೂತಿಯ ದಿಂಬಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು, ಏಳಡಿಯ ಮೊಮ್ಮಗ ಅವಳನ್ನು ಸಮಾಧಾನಪಡಿಸಲು ಮೂರು ಮಡಿಕೆಯಾಗಿ ಬಗ್ಗಿದ್ದ.

ಮೆರೆಡಿತ್ ಮೇಜು ಸುತ್ತಿ ಬಂದು ಕೈ ಕುಲುಕಿದಳು. "ಇನ್ನೆರಡು ವರ್ಷ ಇರ್ತೀರಿ, ವೆಂಡೆಲ್. ನಾಳೆ ಕಾಗದ ಕೊಡ್ತೀನಿ. ಅಂದ ಹಾಗೆ ಫ್ರಿಜ್‌ನಲ್ಲಿ ಕೇಕ್ ಇದೆ. ನಿಮ್ಮ ಹೆಸರಿನ ಭಾಗ ಕೆರೆದು ತೆಗೆದು ತಿನ್ನೋಣ."

ವಿಜಯಿಯಾದ ವೀರನ ಮೊಣಕಾಲು ಆ ಎರಡು ವರ್ಷವನ್ನು ಅವನಿಗಿಂತ ಮೊದಲು ಕೇಳಿಸಿಕೊಂಡಿತು. ಎರಡು ಚಳಿಗಾಲ, ಕುಸಿದ ಹಾಸಿಗೆಗಳು, ವಾಫಲ್‌ಗಳು. ಬೇಕಾದದ್ದು ಸಿಕ್ಕಿತ್ತು; ಅದು ಎಷ್ಟು ಭಾರವಿದೆಯೆಂದು ಈಗ ಕೈಗೆ ಬಂದ ಮೇಲೆ ಗೊತ್ತಾಗುತ್ತಿತ್ತು. ಅವನು ಕಾರಿಡಾರಿಗೆ ಹೋಗಿ ಲೋರ್ನಾಗೆ ಫೋನ್ ಮಾಡಿದ.

"ಹುಡುಗ ಸಿಕ್ಕಿದ. ನನ್ನನ್ನೂ ಇಟ್ಕೊಂಡ್ರು."

ಆ ಕಡೆ ಲೋರ್ನಾ ಒಂದು ಪಾತ್ರೆಯನ್ನು ಸದ್ದಾಗುವಂತೆ ಕೆಳಗಿಟ್ಟಳು. "ಸರಿ," ಎಂದಳು. "ನಾಲ್ಕು ಗಾಲಿದೇ ನೋಡ್ತೀನಿ."

ಫೋನಿಟ್ಟ ಕೂಡಲೇ ಅದು ಮತ್ತೆ ಬಡಿದುಕೊಂಡಿತು. ಗಸ್.

"ಹೆಂಗಿದೀಯೋ ನರಿ? ಸೋತೆ ತಾನೆ? ಒಪ್ಕೋ."

"ಯಾವುದರಲ್ಲಿ?"

"ಬಾಶ್‌ನ ನಿನ್ನ ಬಾಯಿಂದಲೇ ಕಿತ್ಕೊಂಡ್ವಲ್ಲ. ನಿನ್ನ ಆಕಳಿಕೆ ನನಗೆ ಗೊತ್ತಿಲ್ಲ ಅನ್ಕೊಂಡಿದೀಯಾ? ನೀನು ಆಕಳಿಸಿದ ಹುಡುಗನ್ನೆಲ್ಲ ಎಷ್ಟೋ ವರ್ಷದಿಂದ ನಾನು ಗುರುತು ಹಾಕ್ಕೋತಿದೀನಿ. ಒಂದೂ ಸುಳ್ಳಾಗಿಲ್ಲ. ಈ ನೆಬ್ರಾಸ್ಕಾ ಹುಡುಗನಿಗೆ ನೀನು ಆಕಳಿಸಿದ ಹಾಗೆ ಜನ್ಮದಲ್ಲಿ ಯಾರಿಗೂ ಆಕಳಿಸಿಲ್ಲ. ಕೊನೇಗೆ ಗೊರಕೆ ಬೇರೆ. ಆ ಗೊರಕೆ ಕೇಳಿದಾಗ್ಲೇ ಗ್ಯಾರಂಟಿ ಮಾಡ್ಕೊಂಡೆ, ಇವನೇ ಅಂತ."

ವೆಂಡೆಲ್ ಗೋಡೆಗೆ ಒರಗಿದ. ಇಷ್ಟು ವರ್ಷ ಅವನ ಹುಡುಗರೆಲ್ಲ ಹೇಗೆ ಕೈತಪ್ಪಿ ಹೋಗುತ್ತಿದ್ದರೆಂದು ಈಗ ತಿಳಿಯಿತು. ಕೋಪ ಮಾಡಿಕೊಳ್ಳೋಣವೆಂದರೆ ಅದಕ್ಕೂ ಶಕ್ತಿ ಬೇಕು. ಅದರ ಬದಲು ಇನ್ನೊಂದು ಯೋಚನೆ ಬಂತು: ಗಸ್‌ನ ತಂಡದಲ್ಲೂ ಬೀಳ್ಕೊಡುಗೆಯ ಕೇಕು ತರಿಸುವವರು ಇದ್ದಾರೆ.

"ಗಸ್, ನಾನು ಅವತ್ತು ನಿಜವಾಗ್ಲೂ ನಿದ್ದೆ ಮಾಡ್ತಿದ್ದೆ."

"ಹೌದು ಹೌದು."

"ಇಡೀ ದಿನ ಹಿಮದಲ್ಲಿ ಕಾರ್ ಓಡಿಸಿದ್ದೆ ಕಣೋ. ಆ ಹುಡುಗನ ಬಗ್ಗೆ ನಾನು ಬರೆದಿದ್ದು ಎತ್ತರ ಇದಾನೆ ಅಂತ, ಅಷ್ಟೆ. ಲೋರ್ನಾ ಮೇಲಾಣೆ."

ಗಸ್ ನಕ್ಕ ನಗೆಗೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಸೋತ ಮೇಲೂ ನಾಟಕ ಬಿಡಲ್ವಲ್ಲೋ ನೀನು. ಈ ವಯಸ್ಸಲ್ಲೂ. ನವೆಂಬರ್‌ನಲ್ಲಿ ಸಿಗ್ತೀನಿ, ಪಾಪ್‌ಕಾರ್ನ್ ನಿಂದು."

ವೆಂಡೆಲ್ ಕೋಣೆಗೆ ವಾಪಸು ಬಂದ. ಯಾರೋ ಅವನ ಮುಂದೆ ಒಂದು ತುಂಡು ಕೇಕು ಇಟ್ಟರು, ಅದರ ಮೇಲೆ ಅವನ ಹೆಸರಿನ ಅರ್ಧ ಅಕ್ಷರ ಉಳಿದಿತ್ತು. ಟಿವಿಯಲ್ಲಿ ಯಾರಿಗೂ ಬೇಡವಾಗಿ ಉಳಿದ ಹುಡುಗರ ಹೆಸರುಗಳು ಸರಿಯುತ್ತಿದ್ದವು. ಕೆನೆಯಲ್ಲಿ ಸಕ್ಕರೆ ಹೆಚ್ಚಾಗಿತ್ತು. ಅವನಿಗೆ ಕಾಲ ಬೆರಳಿನಿಂದ ಹೊರಟ ಒಂದು ಆಕಳಿಕೆ ಬಂತು, ದವಡೆ ಕಳಚುವಂಥದ್ದು, ಕಣ್ಣಲ್ಲಿ ನೀರು ತರುವಂಥದ್ದು.

ಎದುರಿಗೆ ಕೂತಿದ್ದ ಮೆರೆಡಿತ್ ತಿನ್ನುವುದನ್ನು ನಿಲ್ಲಿಸಿದಳು. ಅವನ ಮುಖ ನೋಡಿದಳು, ತಿರುಗಿ ಟಿವಿ ನೋಡಿದಳು.

"ಯಾರು ಅವನು?" ಎಂದಳು ಮೆಲ್ಲಗೆ, ಪೆನ್ನು ಹುಡುಕುತ್ತ.