ಬಾದಾಮಿ ಸ್ಟ್ಯಾಂಡಿನ ಪಾಳಿ

ಹೋದ ತಿಂಗಳು ಬಾಗಲಕೋಟೆಯ ನವನಗರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಮದುಮಗನನ್ನು ಕರೆತಂದ ಕಾರು ಕಲ್ಯಾಣ ಮಂಟಪದ ಮುಂದೆ ನಿಂತಿತ್ತು. ಹಳೆಯ ಕಾಲದ ದುಂಡನೆಯ ದೇಶಿ ಕಾರು. ಎರಡು ದೊಡ್ಡ ಕಣ್ಣು ಬಿಟ್ಟುಕೊಂಡು ನಿಲ್ಲುವ ಆ ಕಾರನ್ನು ನಮ್ಮ ವಯಸ್ಸಿನವರು ಯಾರೂ ಮರೆತಿರಲಿಕ್ಕಿಲ್ಲ. ಮದುವೆಗೆ ಬಂದವರು ಅದರ ಬದಿಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಅವರನ್ನು ಸರಿಸಿ ಕಿಟಕಿಯೊಳಗೆ ತಲೆ ಹಾಕಿದೆ. ಬಿಸಿಲಿಗೆ ಕಾದ ರೆಕ್ಸಿನ್, ಪೆಟ್ರೋಲು, ಸೀಟಿನೊಳಗಿನ ತೆಂಗಿನ ನಾರು... ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮದುವೆ ಮರೆತುಹೋಯಿತು. ಅಕ್ಕಿಕಾಳು ಹಾಕುವುದಕ್ಕೂ ಒಳಗೆ ಹೋಗಲಿಲ್ಲ. ಕೊನೆಗೆ ಹೆಂಡತಿ ಹೊರಗೆ ಬಂದು, ನಾಲ್ಕು ಮಂದಿಯ ಮುಂದೆ ಬೈದು ಎಳೆದುಕೊಂಡು ಹೋದಳು.

ಅದು ಕಾಕಾರ ಕಾರಿನ ವಾಸನೆ.

ಬಾದಾಮಿಯ ಬಸ್ ನಿಲ್ದಾಣದ ಹತ್ತಿರ ಆಗ ಬಾಡಿಗೆ ಕಾರುಗಳ ಸ್ಟ್ಯಾಂಡ್ ಇತ್ತು. ನಾನು ಹಲವು ವರ್ಷ ಅಲ್ಲಿ ಗಾಡಿ ಓಡಿಸಿದವನು. ಆ ಸ್ಟ್ಯಾಂಡಿನ ಹಿರಿಯರು ಕಾಕಾ. ನನಗೆ ಅವರು ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ಊರಿಗೆಲ್ಲ ಅವರು ಕಾಕಾ. ಕೆರೂರ ಕಡೆಯ ಒಂದು ಹಳ್ಳಿಯ ಕುರಿ ಸಾಕುವ ಮನೆತನದವರು, ಬೀರಪ್ಪನ ಒಕ್ಕಲು. ಬೆಳಿಗ್ಗೆ ಹಣೆಗೆ ಭಂಡಾರ, ಅಂದರೆ ದೇವರ ಅರಿಷಿಣ ಪುಡಿ, ಹಚ್ಚಿಕೊಳ್ಳದೆ ಗಾಡಿಯ ಬಾಗಿಲು ತೆಗೆಯುತ್ತಿರಲಿಲ್ಲ. ಅಣ್ಣತಮ್ಮಂದಿರೆಲ್ಲ ಕುರಿಯ ಹಿಂದೆ ಹೋದರೆ ಇವರೊಬ್ಬರು ಸ್ಟೇರಿಂಗ್ ಹಿಡಿದಿದ್ದರು. "ಕುರಿ ಆದ್ರ ಹೋ ಅಂದ್ರ ಎದ್ದು ನಡೀತಾವ. ಇದನ್ನ ನಾಕು ಮಂದಿ ನೂಕಬೇಕು," ಎಂದು ಚಳಿಗಾಲದ ಬೆಳಿಗ್ಗೆ ತಮ್ಮ ಕಾರನ್ನು ತಾವೇ ಬೈಯುತ್ತಿದ್ದರು. ಬೇರೆಯವರು ಬೈದರೆ ಮಾತ್ರ ಸಿಟ್ಟು ನೆತ್ತಿಗೇರುತ್ತಿತ್ತು.

ಸ್ಟ್ಯಾಂಡಿನಲ್ಲಿ ಇದ್ದದ್ದು ಒಂದೇ ಕಾನೂನು, ಪಾಳಿ. ಯಾವ ಗಾಡಿ ಮೊದಲು ಬಂದು ನಿಂತಿತೋ ಅದೇ ಮೊದಲು ಬಾಡಿಗೆಗೆ ಹೋಗಬೇಕು. ಗಿರಾಕಿಗೆ ಯಾವ ಗಾಡಿ ಬೇಕು ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಎಲ್ಲರದೂ ಅದೇ ದುಂಡನೆಯ ಕಾರು ಇದ್ದಾಗ ಕೇಳಿಯಾದರೂ ಏನು ಮಾಡುವುದು? ಆ ಕಾನೂನು ಹುಟ್ಟಿದ್ದು ಜಗಳದಿಂದ. ನಾನು ಸ್ಟ್ಯಾಂಡಿಗೆ ಬಂದ ಹೊಸದರಲ್ಲಿ, ರೈಲಿನಿಂದ ಇಳಿದ ಒಂದು ಗುಂಪಿಗಾಗಿ ಇಬ್ಬರು ಡ್ರೈವರುಗಳು ಹೊಡೆದಾಡಿ ಒಬ್ಬನ ತಲೆ ಒಡೆದಿತ್ತು. ಮರುದಿನ ಕಾಕಾ ತಮ್ಮೂರಿಗೆ ಹೋಗಿ ಬೀರಪ್ಪನ ಗುಡಿಯಿಂದ ಭಂಡಾರ ತಂದರು. ಒಬ್ಬೊಬ್ಬರ ಅಂಗೈಯಲ್ಲೂ ಹಾಕಿ ಆಣೆ ಮಾಡಿಸಿದರು. ಪಾಳಿ ಮುರಿಯುವುದಿಲ್ಲ, ಮುರಿದವನ ಗಾಲಿ ಉರುಳದಿರಲಿ ಎಂದು. ವಿಭೂತಿ ಹಚ್ಚುವವರು, ದರ್ಗಾಕ್ಕೆ ನಡೆದುಕೊಳ್ಳುವವರು, ಯಾವುದಕ್ಕೂ ನಡೆದುಕೊಳ್ಳದ ನನ್ನಂಥವರು, ಎಲ್ಲರೂ ಅದನ್ನು ಮುಟ್ಟಿದೆವು. ಉಳಿದ ಪುಡಿಯನ್ನು ಕಾಗದದಲ್ಲಿ ಕಟ್ಟಿ ಅವರವರ ಗಾಡಿಯಲ್ಲಿ ಇಟ್ಟುಕೊಂಡೆವು.

ಅವತ್ತಿನಿಂದ ಜಗಳ ನಿಂತಿತು. ಪೊಲೀಸರಿಂದ ಆಗದ ಕೆಲಸ ಚಿಟಿಕೆ ಅರಿಷಿಣದಿಂದ ಆಯಿತು. ಆದರೆ ಒಂದು ತಪ್ಪಾಗಿತ್ತು. ಆ ಆಣೆ ಎಲ್ಲಿಯವರೆಗೆ, ಬೇಡವಾದರೆ ಬಿಡಿಸಿಕೊಳ್ಳುವುದು ಹೇಗೆ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಕಾಲ ಹೀಗೇ ಇರುತ್ತದೆ ಎಂದುಕೊಂಡಿದ್ದೆವು.

ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಆಗ ದೇಶದಲ್ಲಿ ಕಾರು ಮಾಡುವ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ಯಾರು ಎಷ್ಟು ಕಾರು ಮಾಡಬೇಕು ಎಂಬುದನ್ನೂ ಸರ್ಕಾರವೇ ಹೇಳುತ್ತಿತ್ತು. ಹೊರದೇಶದ ಕಾರು ಒಳಗೆ ಬಾರದಂತೆ ಭಾರಿ ತೆರಿಗೆ. ಕಾಕಾ ತಮ್ಮ ಕಾರಿಗೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾದಿದ್ದರಂತೆ. ಹೆಸರು ಹಚ್ಚುವಾಗ ತೊಟ್ಟಿಲಲ್ಲಿದ್ದ ಮಗಳು ಕಾರು ಬರುವ ಹೊತ್ತಿಗೆ ಶಾಲೆಗೆ ಹೋಗುತ್ತಿದ್ದಳು. ಇಷ್ಟು ಕಾದು ತಂದ ಕಾರಿನ ಹಿಂದಿನ ಬಾಗಿಲು ಮೊದಲ ದಿನವೇ ಸರಿಯಾಗಿ ಮುಚ್ಚುತ್ತಿರಲಿಲ್ಲ. "ಯಾರಿಗೆ ಹೇಳೂದು? ಬ್ಯಾಡಾದ್ರ ಬಿಟ್ಟು ಹೋಗು ಅಂತಾರ. ಹಿಂದ ಮಂದಿ ನಿಂತೇ ಇರ್ತಾರಲ್ಲ," ಎಂದು ನಗುತ್ತಿದ್ದರು. ಸುತ್ತಿಗೆಯಿಂದ ತಾವೇ ಬಡಿದು ಆ ಬಾಗಿಲನ್ನು ಕೂರಿಸಿದ್ದರು.

ಆಮೇಲೆ ಸರ್ಕಾರ ಆ ಬಿಗಿ ಸಡಿಲಿಸಿತು. ಹೊರಗಿನ ಕಂಪನಿಗಳು ಬಂದು ಇಲ್ಲೇ ಕಾರ್ಖಾನೆ ಹಾಕಿದವು. ವರ್ಷಕ್ಕೊಂದು ಹೊಸ ಮಾದರಿ. ನಾನೂ ಹಳೆಯದನ್ನು ಮಾರಿ ಎಸಿ ಇರುವ ಹೊಸ ಕಾರು ತಂದೆ. ತಂದ ದಿನ ಕಾಕಾ ಅದರ ಸುತ್ತ ಒಂದು ಸುತ್ತು ಹಾಕಿ, ಹಿಂದಿನ ಬಾಗಿಲು ತೆಗೆದು ಬೆರಳಿನಿಂದ ತಳ್ಳಿದರು. ಮುಚ್ಚಿತು. ಮತ್ತೆ ತೆಗೆದರು, ಮತ್ತೆ ತಳ್ಳಿದರು. "ಬೆಣ್ಣಿ ಆಗೈತಲೇ," ಅಂದರು. ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ತಮಗೆ ಇಷ್ಟು ವರ್ಷ ಯಾರೋ ಮೋಸ ಮಾಡಿದ್ದರು ಎಂಬುದು ಅವತ್ತು ಗೊತ್ತಾದವರ ಹಾಗೆ ನಿಂತಿದ್ದರು.

ಸ್ಟ್ಯಾಂಡಿನ ಕಷ್ಟ ಶುರುವಾದದ್ದು ಅಲ್ಲಿಂದ. ಗುಹೆ ನೋಡಲು, ಐಹೊಳೆ, ಪಟ್ಟದಕಲ್ಲು ಸುತ್ತಲು ಬಂದವರು ಹೊಸ ಕಾರನ್ನೇ ಕೇಳತೊಡಗಿದರು. ಪಾಳಿ ಹಳೆಯ ಕಾರಿನದಾಗಿದ್ದರೆ ನಾವು ಆಗುವುದಿಲ್ಲ ಅನ್ನುತ್ತಿದ್ದೆವು. ಅವರು ನೆಟ್ಟಗೆ ಹೋಟೆಲಿಗೆ ಹೋಗಿ ಹೊಸಪೇಟೆಯಿಂದಲೋ ಹುಬ್ಬಳ್ಳಿಯಿಂದಲೋ ಗಾಡಿ ತರಿಸಿಕೊಳ್ಳುತ್ತಿದ್ದರು. ಒಂದು ಬೇಸಿಗೆಯಲ್ಲಿ ಪುಣೆಯ ಕಡೆಯ ಕುಟುಂಬವೊಂದು ಬಂತು. ಜೊತೆಗೆ ಒಬ್ಬ ಮುದುಕಿ, ಬಿಸಿಲಿಗೆ ಬಸವಳಿದಿದ್ದಳು. ಪಾಳಿ ಕಾಕಾರದು. ಅವರು ಮುದುಕಿಯ ಮುಖ ನೋಡಿ, ನನ್ನ ಗಾಡಿ ತೋರಿಸಿ, "ಅದರಾಗ ಕುಂದರ್ರಿ ಯವ್ವಾ, ತಂಪ ಇರತೈತಿ," ಅಂದರು. ಹಿಂದಿನಿಂದ ಉಳಿದವರೆಲ್ಲ ಕೂಗಿದರು, "ಕಾಕಾ, ಆಣಿ!" ಆಣೆ ಮಾಡಿಸಿದವರೇ ಮುರಿದರೆ ಹೇಗೆ? ಕಾಕಾ ಕೈ ಕೆಳಗಿಳಿಸಿದರು. ಆ ಕುಟುಂಬ ನಮ್ಮನ್ನು ಹುಚ್ಚರನ್ನು ನೋಡಿದಂತೆ ನೋಡಿ ಹೋಯಿತು.

ಅವತ್ತು ಸಂಜೆ ಬೇವಿನ ಗಿಡದ ಕೆಳಗೆ ಎಲ್ಲರೂ ಕೂಡಿದೆವು. ನನಗೆ ವಾದ ಮಾಡುವ ಚಟ, ದಿನಾ ಪೇಪರ್ ಬೇರೆ ಓದುತ್ತಿದ್ದೆ. "ಕಾಕಾ, ಹಿಂಗಾದ್ರ ಸ್ಟ್ಯಾಂಡ್ ಉಳಿಯಂಗಿಲ್ರಿ. ಗಿರಾಕಿ ಯಾವ ಗಾಡಿ ಕೇಳ್ತಾನ ಅದು ಹೋಗಲಿ," ಅಂದೆ. ಹಳೆಯ ಕಾರಿನವರು ಮೈಮೇಲೆ ಬಂದರು. ಅವರ ಮಾತೂ ಸುಳ್ಳಲ್ಲ. ಪಾಳಿ ಹೋದರೆ ಅವರ ಮನೆಯ ಒಲೆ ಆರುತ್ತಿತ್ತು. ಪಾಳಿ ಉಳಿದರೆ ಎಲ್ಲರ ಮನೆಯದೂ.

ಕಾಕಾ ನನ್ನ ಕಡೆ ತಿರುಗಿ ಕೇಳಿದರು. "ನೀ ಪೇಪರ್ ಓದ್ತೀಯಲ್ಲ, ಹೇಳು. ಸರಕಾರ ಬಾಗಲಾ ತಗದಾಗ ಇಲ್ಲಿ ಕಾರ್ಖಾನ್ಯಾಗ ದುಡಿಯೋ ಮಂದಿ ಹಾಳಾಗಿ ಹೋಗ್ಲಿ ಅಂತ ಬಿಟ್ಟಿತೇನು?" ಹಾಗಲ್ಲ ಎಂದು ನನಗೆ ತಿಳಿದಷ್ಟು ಹೇಳಿದೆ. ಹೊರಗೆ ತಯಾರಾಗಿ ಬರುವ ಕಾರಿಗೆ ತೆರಿಗೆ ಈಗಲೂ ಜಾಸ್ತಿ. ಇಲ್ಲಿಗೆ ಬಂದು, ಇಲ್ಲಿಯವರನ್ನು ಕೆಲಸಕ್ಕೆ ಇಟ್ಟು ಮಾಡುವವರಿಗೆ ದಾರಿ ಬಿಟ್ಟಿದ್ದಾರೆ. ಅದರಿಂದ ಬಿಡಿಭಾಗ ಮಾಡುವವರೂ ಬೆಳೆದಿದ್ದಾರೆ. ಆದರೆ ನಿಮ್ಮ ಕಾರಿನ ಕಾರ್ಖಾನೆ ಮಾತ್ರ ಸೋತಿದೆ.

"ಅಂದ್ರ ಅರ್ಧಾ ಬಾಗಲಾ ತಗದ್ರು," ಅಂದರು ಕಾಕಾ. "ಮೊದಲ ಭಾಳ ವರ್ಷ ಪೂರಾ ಹಾಕಿದ್ರು. ಒಳಗಿದ್ದಾಂವ ನಿದ್ದಿ ಹೋದ. ನಾವೂ ನಿದ್ದಿ ಹೋಗೇವಿ."

ಅದೇ ಅರ್ಧ ಬಾಗಿಲಿನ ಲೆಕ್ಕದಲ್ಲಿ ಅಲ್ಲೇ ಹೊಸ ಕಟ್ಟಳೆ ಆಯಿತು. ರೈಲು ನಿಲ್ದಾಣ, ದವಾಖಾನೆ, ಬನಶಂಕರಿ ಗುಡಿ, ಅಂದರೆ ಊರಿನ ಮಂದಿಯ ಬಾಡಿಗೆಯೆಲ್ಲ ಪಾಳಿಯ ಮೇಲೆ. ಊರು ನೋಡಲು ಬಂದವರ ಇಡೀ ದಿನದ ಬಾಡಿಗೆ ಗಿರಾಕಿ ಆರಿಸಿದ ಗಾಡಿಗೆ. ಗೊಣಗುತ್ತಲೇ ಎಲ್ಲರೂ ಒಪ್ಪಿದರು. ಆದರೆ ಆಣೆ? ಅದನ್ನು ಮುರಿಯಲು ಎಲ್ಲರಿಗೂ ಹೆದರಿಕೆ. ಹಿಂದೊಮ್ಮೆ ಕದ್ದು ಪಾಳಿ ಮುರಿದವನ ಗಾಡಿ ಅದೇ ವಾರ ಚೊಳಚಗುಡ್ಡದ ತಿರುವಿನಲ್ಲಿ ಪಲ್ಟಿಯಾಗಿತ್ತು. ಅದರ ಬ್ರೇಕು ಹೋಗಿ ಎಷ್ಟೋ ತಿಂಗಳಾಗಿದ್ದವು, ಆದರೆ ಬ್ರೇಕಿನ ಮಾತು ಯಾರು ಎತ್ತುತ್ತಾರೆ?

ಕಾಕಾ ಊರಿಗೆ ಹೋಗಿ ಗುಡಿಯ ಪೂಜಾರಿಯನ್ನು ಕೇಳಿಕೊಂಡು ಬಂದರು. ಆಣೆ ಮಾಡಿಸಿದವನು ಅದನ್ನು ತಿರುಗಿ ತೆಗೆದುಕೊಳ್ಳಬಹುದು, ಆದರೆ ಆಣೆ ನೆಲಕ್ಕೆ ಬೀಳಬಾರದು, ಒಬ್ಬರಾದರೂ ಅದನ್ನು ನಡೆಸಬೇಕು ಎಂದು ಪೂಜಾರಿ ಹೇಳಿದನಂತೆ. ಕಾಕಾ ಹೆಗಲ ಮೇಲಿನ ಟವೆಲ್ಲನ್ನು ಬಾನೆಟ್ಟಿನ ಮೇಲೆ ಹಾಸಿದರು. ನಾವು ಒಬ್ಬೊಬ್ಬರಾಗಿ ನಮ್ಮ ಗಾಡಿಯಲ್ಲಿದ್ದ ಭಂಡಾರ ತಂದು ಅದರಲ್ಲಿ ಹಾಕಿದೆವು. ಅವರು ಅದನ್ನು ಗಂಟು ಕಟ್ಟಿದರು. "ಇನ್ನ ನೀವು ಖುಲ್ಲಾ. ಆಣಿ ನಂದು," ಅಂದರು.

ಅಂದರೆ ಅವರೊಬ್ಬರು ಮಾತ್ರ ಎಲ್ಲ ಬಾಡಿಗೆಗೂ ಹಳೆಯ ಪಾಳಿಯಲ್ಲೇ ಹೋಗಬೇಕು. "ನಿಮ್ಮ ಹೊಟ್ಟಿ ಮ್ಯಾಲೆ ನೀವ ಹೊಡಕೊಂಡ್ರೆಲ್ರಿ ಕಾಕಾ," ಎಂದು ನಾನು ರೇಗಿದೆ. "ಊರು ನೋಡಾಕ ಬಂದಾವ್ರು ನನ್ನ ಗಾಡಿ ಯಾಕ ಕೇಳ್ತಾರಲೇ? ನನಗ ಸ್ಟೇಶನ್ ಬಾಡಿಗಿ ಸಾಕು," ಎಂದು ನಕ್ಕರು. ಲೆಕ್ಕ ಸರಿ ಎಂದು ನನಗೂ ಅನ್ನಿಸಿತು. ಸ್ಟ್ಯಾಂಡ್ ಉಳಿಯಿತು. ನನ್ನ ವಾದ ಸರಿಯಾಗಿತ್ತು, ಇವತ್ತಿಗೂ ಸರಿ ಎಂದೇ ಹೇಳುತ್ತೇನೆ.

ಆದರೆ ಕೆಲವು ವರ್ಷ ಕಳೆದ ಮೇಲೆ ಗಿರಾಕಿಗಳ ಮನಸ್ಸು ತಿರುಗಿತು. ಆ ದುಂಡನೆಯ ಕಾರುಗಳು ಒಂದೊಂದಾಗಿ ಗುಜರಿಗೆ ಹೋಗಿ, ನಮ್ಮ ಸ್ಟ್ಯಾಂಡಿನಲ್ಲಿ ಉಳಿದದ್ದು ಕಾಕಾರದೊಂದೇ. ದೂರದ ಊರಿನವರು, ಪರದೇಶದವರು ಅದನ್ನೇ ಬೆರಳು ಮಾಡಿ ತೋರಿಸತೊಡಗಿದರು. ಎಸಿ ಬೇಡ, ಅದೇ ಬೇಕು. ಕಾಕಾ ಕೈಮುಗಿದು, "ಮುಂದ ಅವರ ಗಾಡಿ ನಿಂತೈತ್ರಿ. ಅದು ಹೋದ ಮ್ಯಾಲೆ ನಾ," ಅನ್ನುತ್ತಿದ್ದರು. ಕೈಗೆ ಬಂದ ಬಾಡಿಗೆ ಅವರು ಬಿಡುವುದನ್ನು ನಮ್ಮಿಂದ ನೋಡಲಾಗುತ್ತಿರಲಿಲ್ಲ. ಅವರ ಪಾಳಿ ಬರಲಿ ಎಂದು ನಾವೇ ನಮ್ಮ ಗಾಡಿಗಳನ್ನು ಹೊರಗೆ ತೆಗೆದು, ಊರೊಳಗೆ ಒಂದು ಸುತ್ತು ಹೊಡೆದು ಬರುತ್ತಿದ್ದೆವು. ಅದೂ ನಡೆಯಲಿಲ್ಲ. "ಖಾಲಿ ಹೋಗಿ ಖಾಲಿ ಬಂದ್ರ ಪಾಳಿ ಮುಗೀತೇನಲೇ? ಹಚ್ಚು ಮುಂದ," ಎಂದು ಗದರಿಸಿ ಮತ್ತೆ ನಿಲ್ಲಿಸುತ್ತಿದ್ದರು. ಒಮ್ಮೆ ಮಾತ್ರ ಪರದೇಶದ ಗಂಡಹೆಂಡತಿ ಬೇವಿನ ನೆರಳಲ್ಲಿ ಮಧ್ಯಾಹ್ನದವರೆಗೆ ಕೂತು, ಕಾಕಾರ ಪಾಳಿ ಬಂದ ಮೇಲೆಯೇ ಐಹೊಳೆಗೆ ಹೋದರು. ಅವತ್ತು ಕಾಕಾ ಹೊಸ ಅಳಿಯನ ಹಾಗೆ ಕೂತು ಗಾಡಿ ಹೊಡೆದರು.

ಇಷ್ಟು ಹಟ ಯಾಕೆ ಎಂದು ನನಗೆ ಆಗ ತಿಳಿಯಲಿಲ್ಲ. ಸ್ಟೇಶನ್ ಬಾಡಿಗೆಯ ಪಾಳಿಯನ್ನು ನಾವು ಯಾರೂ ಮುರಿಯುತ್ತಿರಲಿಲ್ಲ. ಮುರಿಯಲು ನಮಗೀಗ ಯಾವ ಆಣೆಯ ಅಡ್ಡಿಯೂ ಇರಲಿಲ್ಲ. ಆದರೆ ಸ್ವಂತಕ್ಕೆ ನಷ್ಟ ಮಾಡಿಕೊಂಡು ಒಬ್ಬರು ಎದುರಿಗೆ ಕೂತಿರುವಾಗ ಅವರನ್ನು ದಾಟಿ ಹೋಗಲು ಯಾರಿಗೂ ಮುಖ ಬರುತ್ತಿರಲಿಲ್ಲ.

ಕಾರಿಗೆ ವಯಸ್ಸಾಯಿತು, ಹಳೆಯ ವಾಹನಗಳ ನಿಯಮಗಳು ಬಿಗಿಯಾದವು, ಪರವಾನಗಿ ಮತ್ತೆ ಸಿಗಲಿಲ್ಲ. ಕಾಕಾ ಗಾಡಿ ಇಲ್ಲದೆಯೂ ದಿನಾ ಬಂದು ಸ್ಟ್ಯಾಂಡಿನಲ್ಲಿ ಕೂತು ಪಾಳಿ ನೋಡಿಕೊಳ್ಳುತ್ತಿದ್ದರು. ಆಮೇಲೆ ಅದೂ ಆಗಲಿಲ್ಲ... ಬಾಗಲಕೋಟೆಯ ದವಾಖಾನೆಯಲ್ಲಿ ಅವರನ್ನು ನೋಡಲು ಹೋದಾಗ ಆ ಭಂಡಾರದ ಗಂಟು ತಲೆದಿಂಬಿನ ಕೆಳಗಿತ್ತು. ಅಷ್ಟೊತ್ತಿಗೆ ನನ್ನ ಬಳಿ ನಾಲ್ಕಾರು ಗಾಡಿಗಳಾಗಿದ್ದವು. ಅವರ ಕೈ ಹಿಡಿದು, "ಅದನ್ನ ನನಗ ಕೊಡ್ರಿ ಕಾಕಾ, ನಾ ನಡಸ್ತೇನಿ," ಅಂದೆ. ಮನಸ್ಸಿನಿಂದಲೇ ಅಂದೆ.

ಕಾಕಾ ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು. "ನೀ ಓಡಾಂವ, ತಮ್ಮಾ. ಓಡೂದು ತಪ್ಪಲ್ಲ, ಓಡಾವ್ರು ಬೇಕು. ಆದ್ರ ಇದನ್ನ ಹಿಡಿಯಾಕ ಬ್ಯಾರೇದಾಂವ ಬೇಕು." ಆ ಬೇರೆಯವನು ಯಾರು ಎಂದು ಕೇಳಿದೆ. ಗಂಟನ್ನು ಗುಡಿಗೆ ಮುಟ್ಟಿಸು ಅಂದರು. ನನಗೆ ಬಹಳ ನೋವಾಯಿತು, ಎದ್ದು ಬಂದೆ. ಅವರು ತೀರಿಕೊಂಡ ಮೇಲೆ ಅದನ್ನು ಬೀರಪ್ಪನ ಗುಡಿಗೆ ಮುಟ್ಟಿಸಿದೆ. ಸ್ಟೇಶನ್ ಬಾಡಿಗೆಯ ಪಾಳಿ ಆ ವರ್ಷವೇ ಮುರಿಯಿತು.

ಈಗ ಬಾಡಿಗೆ ಎಲ್ಲ ಫೋನಿನಲ್ಲಿ. ಎಲ್ಲೋ ದೂರದ ಕಂಪನಿಯೊಂದು ದರ ಹೇಳುತ್ತದೆ, ನಾವು ಓಡುತ್ತೇವೆ. ದರ ಇಳಿಯುತ್ತಲೇ ಇದೆ. ನವನಗರದ ಆ ಮದುವೆಯಾದ ಮರುವಾರ ಬಾದಾಮಿಯ ಡ್ರೈವರುಗಳು ನನ್ನನ್ನು ಕರೆಸಿದರು. ಇಂತಿಷ್ಟಕ್ಕಿಂತ ಕಡಿಮೆಗೆ ಯಾರೂ ಹೋಗಬಾರದು, ಕಾಕಾರ ಹಾಗೆ ನಾವೂ ಒಂದು ಕಟ್ಟಳೆ ಮಾಡೋಣ ಅಂದರು. "ಭಂಡಾರ ನಾ ತರ್ತೇನ್ರಿ," ಎಂದು ಒಬ್ಬ ಎದ್ದ. "ಆಣಿ ಹಿಡಿಯಾವ್ರು ಯಾರು?"

ಎಲ್ಲರೂ ನನ್ನ ಕಡೆ ನೋಡಿದರು. ಅಲ್ಲಿದ್ದವರಲ್ಲಿ ನಾನೇ ಹಿರಿಯ. ನನ್ನ ಗಾಡಿಗಳೆಲ್ಲ ಆ ಕಂಪನಿಯ ಫೋನಿಗೇ ಓಡುತ್ತಿವೆ. ಇದು ನಮ್ಮಿಂದ ಆಗುವ ಕೆಲಸವಲ್ಲ, ಸರ್ಕಾರವೇ ನಿಯಮ ಮಾಡಬೇಕು, ಎಲ್ಲರೂ ಕೂಡಿ ಮನವಿ ಕೊಡೋಣ ಅಂದೆ. ಅದೇ ಸರಿ, ಅದೇ ಸರಿ ಎಂದು ಎಲ್ಲರೂ ಒಮ್ಮೆಲೇ ಒಪ್ಪಿದರು. ಯಾರಾದರೂ ಹಾಗೆ ಹೇಳಲಿ ಎಂದೇ ಕಾಯುತ್ತಿದ್ದಂತೆ ಬೇಗ ಬೇಗ ಎದ್ದು ಗಾಡಿ ಹತ್ತಿದರು.

ನಾನು ಒಬ್ಬನೇ ಬಾಗಲಕೋಟೆಯ ನನ್ನ ಮನೆಗೆ ಹೊರಟೆ. ಕಾಕಾ ಇರಬೇಕಿತ್ತು ಎಂದು ದಾರಿಯುದ್ದಕ್ಕೂ ಅನ್ನಿಸಿತು. ದವಾಖಾನೆಯಲ್ಲಿ ಅವರು "ನೀ ಓಡಾಂವ" ಅಂದ ಮಾತಿಗೆ ಇಷ್ಟು ವರ್ಷ ಮನಸ್ಸಿನಲ್ಲೇ ಅವರ ಜೊತೆ ವಾದ ಮಾಡುತ್ತ ಬಂದಿದ್ದೆ. ಅವತ್ತು ಆ ವಾದ ಮುಗಿಯಿತು. ಗೆದ್ದವರು ಅವರು. ಹೋಗಿ ಹೇಳೋಣವೆಂದರೆ ಅವರಿಲ್ಲ.