ಆರಿಸಬಾರದ ಸ್ವಿಚ್ಚು

ವಿಶಾಖಪಟ್ಟಣದ ದ್ವಾರಕಾ ನಗರದ ಆ ಕಚೇರಿಗೆ ಕೆಲಸಕ್ಕೆ ಹೋದ ಮೊದಲ ದಿನ ನನ್ನ ಕಣ್ಣಿಗೆ ಬಿದ್ದದ್ದು ಒಂದು ಸಾಲು. ಹಿರಿಯ ಗುಮಾಸ್ತೆಯೊಬ್ಬರ ಮೇಜಿನ ಮುಂದೆ ಮೂವರು ಪೆನ್ ಡ್ರೈವ್ ಹಿಡಿದು ನಿಂತಿದ್ದರು. ಬಂದರಿನ ಸರಕಿಗೆ ಕಸ್ಟಮ್ಸ್ ಕಾಗದಪತ್ರ ಸಿದ್ಧಪಡಿಸಿಕೊಡುವ ಸಣ್ಣ ಸಂಸ್ಥೆ ಅದು. ದಾಖಲೆಗಳೆಲ್ಲ ಆಕೆಯ ಕಂಪ್ಯೂಟರಿನಲ್ಲಿದ್ದವು. ಇದ್ದ ಒಂದೇ ಪ್ರಿಂಟರೂ ಅದಕ್ಕೇ ಜೋಡಣೆಯಾಗಿತ್ತು. ಯಾರಿಗೆ ಯಾವ ಕಾಗದ ಬೇಕಾದರೂ ಆಕೆಯ ಬಳಿಗೇ ಬರಬೇಕಾಗಿತ್ತು. ಬಂದವರ ಮನೆಯ ಜ್ವರ, ಮಗಳ ಪರೀಕ್ಷೆ, ನಲ್ಲಿಯಲ್ಲಿ ಬಾರದ ನೀರು, ಇವನ್ನೆಲ್ಲ ವಿಚಾರಿಸುತ್ತಲೇ ಆಕೆ ಫೈಲು ಹುಡುಕಿ ಕೊಡುತ್ತಿದ್ದರು.

ನನ್ನ ಪತಿಯ ಬ್ಯಾಂಕು ನಮ್ಮನ್ನು ದಾವಣಗೆರೆಯಿಂದ ಮೊದಲು ವಿಜಯವಾಡಕ್ಕೆ, ಅನಂತರ ವಿಶಾಖಪಟ್ಟಣಕ್ಕೆ ವರ್ಗಾಯಿಸಿತ್ತು. ದಾವಣಗೆರೆಯ ಶಾಲೆಯಲ್ಲಿ ನಾನು ವ್ಯಾಕರಣ ಕಲಿಸುತ್ತಿದ್ದೆ. ಕಂಪ್ಯೂಟರ್ ಕೋಣೆಯನ್ನು ಬೇರೆ ಯಾರೂ ವಹಿಸಿಕೊಳ್ಳದ ಕಾರಣ ಅದರ ಹೊಣೆಯೂ ನನ್ನದೇ ಆಗಿತ್ತು. ಇದು ತಿಳಿದ ಸಂಸ್ಥೆಯ ಯಜಮಾನರು, "ಮೇಡಂ, ಈ ಪೆನ್ ಡ್ರೈವ್ ಓಡಾಟ ನಿಲ್ಲಿಸಿಕೊಡಿ" ಎಂದರು.

ನಾನು ಕ್ರಮವಾಗಿಯೇ ಮಾಡಿದೆ. ಗೋಡೆಯ ಅಂಚಿನಲ್ಲಿ ಕೇಬಲ್ ಎಳೆಸಿ, ಪ್ರತಿಯೊಂದರ ಎರಡು ತುದಿಗೂ ಒಂದೇ ಗುರುತಿನ ಚೀಟಿ ಅಂಟಿಸಿದೆ. 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್' ಎಂದು ಹರಡಿಕೊಂಡಿದ್ದ ಫೈಲುಗಳನ್ನು ಒಂದು ವ್ಯವಸ್ಥೆಗೆ ತಂದು, ಆ ಫೋಲ್ಡರನ್ನು ಎಲ್ಲ ಕಂಪ್ಯೂಟರುಗಳಿಗೂ ತೆರೆದಿಟ್ಟೆ. ಯಾರು ನೋಡಬಹುದು, ಯಾರು ತಿದ್ದಬಹುದು ಎಂಬುದನ್ನು ಬೇರೆಬೇರೆಯಾಗಿ ನಿಗದಿಪಡಿಸಿದೆ. ಪ್ರಿಂಟರನ್ನು ಆಕೆಯ ಕಂಪ್ಯೂಟರಿನಿಂದ ಬಿಡಿಸಿ ನೇರವಾಗಿ ನೆಟ್‌ವರ್ಕಿಗೇ ಸೇರಿಸಿದೆ. ಸಂಸ್ಥೆಗೆ ವಿಜಯವಾಡದಲ್ಲಿದ್ದ ಶಾಖೆಯವರೂ ಅದೇ ಫೋಲ್ಡರ್ ತೆರೆಯುವಂತೆ ಎರಡೂ ಕಡೆಯ ರೂಟರುಗಳ ನಡುವೆ ಇಂಟರ್ನೆಟ್ ಮೂಲಕ ಸಂಪರ್ಕ ಕಲ್ಪಿಸಿದೆ. ಸಂಪರ್ಕ ಇರುವಷ್ಟು ಹೊತ್ತು ನಮ್ಮ ರೂಟರಿನಲ್ಲಿ ಪುಟ್ಟ ಹಸಿರು ದೀಪವೊಂದು ಉರಿಯುತ್ತಿತ್ತು.

ಸಾಲು ಕರಗಿತು. ಆ ಮೇಜಿನ ಮುಂದೆ ಆಮೇಲೆ ಯಾರೂ ನಿಲ್ಲಲಿಲ್ಲ.

ಆ ಗುಮಾಸ್ತೆಯ ತಂದೆ ಹುಬ್ಬಳ್ಳಿಯ ಕಡೆಯವರು. ಬಂದರಿನ ಕೆಲಸಕ್ಕೆ ಬಂದು ಇಲ್ಲಿಯೇ ನೆಲೆಸಿದವರು. ಇಲ್ಲಿಯೇ ಹುಟ್ಟಿದ ಆಕೆಗೆ ಕನ್ನಡ ಮನೆಯೊಳಗಿನ ಮಾತಾಗಿ ಉಳಿದಿತ್ತು; ನನ್ನೊಡನೆ ಅದನ್ನೇ, ತೆಲುಗು ಬೆರೆಸಿ, ಆಡುತ್ತಿದ್ದರು.

"ಟೀಚರ್ ಗಾರು, ಚೆನ್ನಾಗಿ ಮಾಡಿದ್ರಿ. ಈಗ ನನ್ನ ಹತ್ರ ಒಂದು ನೊಣ ಕೂಡ ಬರಲ್ಲಂಡಿ."

ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಸ್ವಲ್ಪ ದಿನಗಳಲ್ಲೇ ಯಜಮಾನರು ನನ್ನನ್ನು ಕರೆಸಿ, "ಇಲ್ಲಿ ಆಕೆ ಇಲ್ಲದಿದ್ದರೆ ಈಗ ಏನಾದರೂ ನಿಲ್ಲುತ್ತದೆಯೇ?" ಎಂದು ಕೇಳಿದರು. ಕೇಳಿದ ಪ್ರಶ್ನೆಗೆ ನಿಖರವಾಗಿ ಉತ್ತರಿಸುವುದು ನನ್ನ ಹಳೆಯ ಅಭ್ಯಾಸ. "ಫೈಲು ಸಿಗುವುದು ನಿಲ್ಲುವುದಿಲ್ಲ" ಎಂದೆ. ಅವರಿಗೆ ಅಷ್ಟು ಸಾಕಾಯಿತು. ವಿಜಯವಾಡದಲ್ಲಿ ಕಾಗದಪತ್ರ ತಯಾರಿಸಬಲ್ಲವರು ಯಾರೂ ಇರಲಿಲ್ಲ. ಆಕೆಯನ್ನು ಅಲ್ಲಿಗೆ ಕಳಿಸುವುದೆಂದು ತೀರ್ಮಾನಿಸಿದರು.

ಆಕೆಯ ಪತಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಹಗಲು ನೆರೆಮನೆಯವರು ನೋಡಿಕೊಳ್ಳುತ್ತಿದ್ದರೂ ಊಟ ಮಾತ್ರ ಆಕೆಯ ಕೈಯಿಂದಲೇ ಆಗಬೇಕಿತ್ತು. ಅದಕ್ಕಾಗಿ ಪ್ರತಿ ಮಧ್ಯಾಹ್ನ ಮನೆಗೆ ಹೋಗಿ ಬರುತ್ತಿದ್ದರು. ವಿಜಯವಾಡ ಎಂದರೆ ಕೆಲಸ ಬಿಡು ಎಂದೇ ಅರ್ಥ.

"ಆಯನನ್ನ ಮಂಚದ ಸಮೇತ ರೈಲಿಗೆ ಹತ್ತಿಸಲಾ?" ಎಂದರು, ಪತಿಯ ಮಾತೆತ್ತಿ. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಆಕೆಯೇ ರೂಟರಿನ ಕಡೆ ನೋಡಿ ಮತ್ತೆ ಕೇಳಿದರು:

"ಫೈಲು ಇಲ್ಲಿಂದ ಅಲ್ಲಿಗೆ ಹೋಗುತ್ತೆ ಕದಾ?"

"ಹೋಗುತ್ತದೆ."

"ಅಲ್ಲಿಂದ ಇಲ್ಲಿಗೆ?"

"ಬರುತ್ತದೆ."

"ಮತ್ತೆ ನಾನ್ಯಾಕಂಡಿ ಹೋಗೋದು?"

ಕೇಬಲ್ ಎಳೆಸಿದ ನನಗೆ ಇದು ಹೊಳೆದಿರಲಿಲ್ಲ. ಇಬ್ಬರೂ ಯಜಮಾನರ ಕೋಣೆಗೆ ಹೋದೆವು. ಅವರು ಬಹಳ ಹೊತ್ತು ಪೆನ್ನು ತಿರುಗಿಸಿ, "ಸರಿ ಅಮ್ಮಾ, ಇಲ್ಲಿಂದಲೇ ಅಲ್ಲಿನ ಕೆಲಸ ಮಾಡಿ, ನೋಡೋಣ. ಆದರೆ ಇಂಟರ್ನೆಟ್ ಲೈನು ನಿಂತರೆ ನನಗೆ ಕಥೆ ಹೇಳಬೇಡಿ, ಅಲ್ಲಿಗೆ ಹೊರಡಿ. ಅಲ್ಲಿನ ನಮ್ಮ ಗಿರಾಕಿಗಳು, ಮಂಗಳಗಿರಿಯ ಸೀರೆಯವರು, ಕಾಯುವವರಲ್ಲ" ಎಂದರು.

ಹೀಗೆ ಒಬ್ಬ ಹೆಂಗಸಿನ ಅನ್ನ ರೂಟರಿನ ದೀಪಕ್ಕೆ ಬಂದು ನಿಂತಿತು. ಆ ದೀಪವನ್ನು ಹಚ್ಚಿದವಳು ನಾನು.

ಮೊದಲು ಕೈಕೊಟ್ಟದ್ದು ಲೈನಲ್ಲ. ಸಂಜೆ ದೇವರ ಪಟಕ್ಕೆ ಅಗರಬತ್ತಿ ಬೆಳಗಿ, ಹೊರಡುವ ಮುನ್ನ ಸ್ವತಃ ಮೇನ್ ಸ್ವಿಚ್ ಕೆಳಗೆಳೆಯುವುದು ಯಜಮಾನರ ಪದ್ಧತಿ. ಸಮುದ್ರದ ಗಾಳಿಗೆ ವೈರು ತುಕ್ಕು ಹಿಡಿದು ಬೆಂಕಿ ಹತ್ತುತ್ತದೆಂಬ ಭಯ ಅವರಿಗೆ. ವಿಜಯವಾಡದವರು ನಮಗಿಂತ ತಡವಾಗಿ ಬಾಗಿಲು ಹಾಕುವವರು. ನಾವು ಹೊರಟ ಮೇಲೆ ಅವರು ಫೋಲ್ಡರ್ ತೆರೆಯಬೇಕಾದ ಸಂದರ್ಭ ಅಷ್ಟರವರೆಗೆ ಬಂದಿರಲಿಲ್ಲ. ಒಂದು ದಿನ ಬಂತು. ಆಕೆ ಎಲ್ಲವನ್ನೂ ಮುಗಿಸಿ ಫೋಲ್ಡರಿನಲ್ಲಿಟ್ಟು ಹೋಗಿದ್ದರು. ಅಲ್ಲಿ ಸೀರೆಯ ಮೂಟೆ ತುಂಬಿದ ಲಾರಿ ಕಾಗದಕ್ಕಾಗಿ ಕಾಯಿತು. ಇಲ್ಲಿ ಫೋಲ್ಡರಿದ್ದ ಆಕೆಯ ಕಂಪ್ಯೂಟರಿಗೆ ಕರೆಂಟೇ ಇರಲಿಲ್ಲ.

ಬೆಳಗ್ಗೆ ಯಜಮಾನರು, "ನಾನು ಹೇಳಲಿಲ್ಲವೇ?" ಎಂದರು.

"ಮೇನ್ ಆರಿಸಿದವರು ತಾವು" ಎಂದೆ.

"ಅದು ನಮ್ಮ ತಂದೆಯ ಕಾಲದ ಅಭ್ಯಾಸ. ನಿಮ್ಮ ಫೈಲಿಗಾಗಿ ಆಫೀಸು ಸುಟ್ಟುಕೊಳ್ಳಲೇ?"

ಆಕೆ ಮೆಲ್ಲಗೆ, "ದೇವರಿಗೆ ಬತ್ತಿ ಹಚ್ಚಿ ನನ್ನನ್ನ ಆರಿಸಿದ್ರಿ ಸಾರ್" ಎಂದರು.

ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಆಕೆಯ ಕಂಪ್ಯೂಟರಿಗೂ ರೂಟರಿಗೂ ಪ್ರತ್ಯೇಕ ಕರೆಂಟ್ ಲೈನೂ ಸ್ವಿಚ್ಚೂ ಹಾಕಿಸಲು ಒಪ್ಪಿದರು, ಅಷ್ಟೆ. ಆ ಸ್ವಿಚ್ಚಿನ ಮೇಲೆ ಕೆಂಪು ಟೇಪು ಅಂಟಿಸಿ, ಆರಿಸಬಾರದೆಂದು ತೆಲುಗಿನಲ್ಲಿ ಬರೆಸಿದೆ.

ಸ್ವಿಚ್ಚನ್ನು ಕಾಯಬಹುದು, ವಿಜಯವಾಡದವರೆಗಿನ ದಾರಿಯನ್ನು ಕಾಯುವುದು ಹೇಗೆ? ಎಲ್ಲೋ ರಸ್ತೆ ಅಗೆಯುತ್ತಾರೆ, ಸಮುದ್ರದಿಂದ ಗಾಳಿ ಎದ್ದು ಕಂಬ ಉರುಳುತ್ತದೆ. ಚೀಟಿ ಅಂಟಿಸಲಾಗದ ಕೇಬಲ್ಲಿನ ಬಗ್ಗೆ ನನಗೇನೂ ತಿಳಿಯದು. ಬ್ಯಾಗು ಇಡುವ ಮೊದಲೇ ದೀಪ ನೋಡುವುದು ನನಗೆ ರೂಢಿಯಾಯಿತು. ಮಧ್ಯಾಹ್ನ ಮನೆಯಿಂದ ಮರಳಿದೊಡನೆ ಆಕೆ ಬಾಗಿಲಲ್ಲೇ ನಿಂತು, "ಇದೆಯಾ?" ಎನ್ನುವರು. ನಾನು "ಇದೆ" ಎನ್ನುವೆ.

ಮೊನ್ನೆ ಇರಲಿಲ್ಲ. ಆಕೆ ಬರುವ ಹೊತ್ತಿಗೆ ರೂಟರನ್ನು ಆರಿಸಿ ಹಚ್ಚಿ ನೋಡಿದ್ದೆ. ಸಂಪರ್ಕ ಹೊರಗೆಲ್ಲೋ ಕಡಿದುಹೋಗಿತ್ತು. ಬಾಗಿಲಿನಿಂದ ಆಕೆಯ ಪ್ರಶ್ನೆ ಬಂತು. ಆಕೆ ನನ್ನ ಮುಖ ನೋಡಿ, ಕುರ್ಚಿ ಎಳೆದುಕೊಂಡು ವಿಜಯವಾಡಕ್ಕೆ ಫೋನು ಮಾಡಿದರು. "ರಾಸುಕೋ ಅಮ್ಮಾ" ಎಂದು ತೆಲುಗಿನಲ್ಲಿ ಹೇಳಿ, ಪರದೆಯ ಮೇಲಿನ ದಾಖಲೆಯನ್ನು ಸಾಲುಸಾಲಾಗಿ ಓದಿ ಬರೆಸತೊಡಗಿದರು. ಅಂಕಿಗಳನ್ನು ಎರಡೆರಡು ಬಾರಿ.

ಯಜಮಾನರು ಕೋಣೆಯ ಬಾಗಿಲಿಗೆ ಬಂದು ನಿಂತರು. ಸ್ವಲ್ಪ ಹೊತ್ತು ಕೇಳಿದರು. ಮತ್ತೆ ಒಳಗೆ ಹೋದರು; ಆಕೆ ವಿಜಯವಾಡಕ್ಕೆ ಹೋಗಬೇಕೋ ಬೇಡವೋ ಎಂದು ಇಂದಿಗೂ ಹೇಳಿಲ್ಲ. ಆಕೆ ಓದುತ್ತಲೇ ಇದ್ದರು. ನಾನು ರೂಟರಿನ ಮುಂದೆ ನಿಂತೇ ಇದ್ದೆ.