ಕ್ಲೀನರ್ ಮೀನು ಕೆರೆ ನೋಡಿ ಬಂದದ್ದು

ಮೀನು ನೋಡುತ್ತ ಕುಳಿತರೆ ಬಿ.ಪಿ. ಇಳಿಯುತ್ತದೆ ಎಂದ ಡಾಕ್ಟರು, ಯಾವ ಮೀನು ಎಂಬುದನ್ನೂ ಹೇಳಬೇಕಿತ್ತು. ಹೇಳಲಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನು. ಉತ್ತರಪತ್ರಿಕೆ ನೋಡಿ ಏರಿದ ರಕ್ತದೊತ್ತಡವನ್ನು ಮೀನು ನೋಡಿ ಇಳಿಸಿಕೊಳ್ಳೋಣವೆಂದು ಚಳ್ಳಕೆರೆ ಪೇಟೆಯಿಂದ ಒಂದು ಗಾಜಿನ ಪೆಟ್ಟಿಗೆ, ನಾಲ್ಕು ಕೆಂಪು ಮೀನು ತಂದೆ. ಅಂಗಡಿಯ ಸಾಬರು ಕೇಳದೆಯೇ ಕವರಿಗೆ ಇನ್ನೊಂದು ಮರಿ ಹಾಕಿದರು. ಬೆರಳುದ್ದದ ಕರಿ ಮರಿ. ಬಾಯಿ ಇರಬೇಕಾದ ಕಡೆ ಇರದೆ ಹೊಟ್ಟೆಯ ಕಡೆಗಿತ್ತು.

"ಇದು ಕ್ಲೀನರ್ ಸಾರ್. ಗಾಜಿನ ಪಾಚಿ ಎಲ್ಲಾ ತಿಂತೈತೆ. ಫ್ರೀ, ಇಟ್ಕಳಿ," ಅಂದರು.

ನಮ್ಮ ಕಡೆ ಕ್ಲೀನರ್ ಎಂದರೆ ಲಾರಿಯಲ್ಲಿ ಡ್ರೈವರ್ ಪಕ್ಕ ಕುಳಿತು ಗಾಜು ಒರೆಸುವವನು. ಇವತ್ತು ಗಾಜು ಒರೆಸಿದವನು ನಾಳೆ ಸ್ಟಿಯರಿಂಗ್ ಹಿಡಿಯುತ್ತಾನೆ ಎಂಬುದು ನನಗೆ ಗೊತ್ತಿತ್ತು. ಅದು ಮೀನಿಗೂ ಅನ್ವಯಿಸುತ್ತದೆ ಎಂದು ಹೊಳೆಯಲಿಲ್ಲ. ಅಲ್ಲದೆ ಪುಕ್ಕಟೆ ಬಂದದ್ದನ್ನು ಬೇಡ ಎನ್ನುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ.

ಕ್ಲೀನರ್ ಬೆಳೆದ. ಹಗಲೆಲ್ಲ ಗಾಜಿಗೆ ಬಾಯಿ ಅಂಟಿಸಿಕೊಂಡು ನಿದ್ದೆ ಹೊಡೆಯುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಎದ್ದು, ಗಾಳಿಯ ಪೈಪು ಕಿತ್ತು, ಕಲ್ಲುಗಳನ್ನು ತನಗೆ ಬೇಕಾದಂತೆ ಜೋಡಿಸಿಕೊಳ್ಳುತ್ತಿದ್ದ. ವರ್ಷ ತುಂಬುವುದರೊಳಗೆ ಮೊಳದುದ್ದ ಆದ. ಮೈಮೇಲೆ ಹಲಸಿನ ಸಿಪ್ಪೆಯಂಥ ಒರಟು ಕವಚ ಬಂತು. ಕೆಂಪು ಮೀನುಗಳು ಒಂದೊಂದಾಗಿ ತೀರಿಕೊಂಡವು. ಕೊಂದದ್ದು ಇವನೇ ಎನ್ನಲು ಸಾಕ್ಷಿಯಿಲ್ಲ. ಆದರೆ ಸತ್ತವುಗಳ ಪಾಲಿನ ಕಾಳನ್ನೆಲ್ಲ ತಿಂದವನು ಇವನೇ. ನನ್ನ ಬಿ.ಪಿ. ಮೊದಲಿಗಿಂತ ಮೇಲಕ್ಕೆ ಹೋಯಿತು.

ಅವ್ವನಿಗೆ ಮಾತ್ರ ಅವನ ಮೇಲೆ ಅಕ್ಕರೆ. "ಪಾಪ, ಹೊರಳಾಕೂ ಜಾಗ ಇಲ್ಲ ಅದಕ್ಕೆ. ಮನುವಿನ ಬೊಗಸೆಗೆ ಬಂದ ಮೀನು ಹಿಂಗೇ ಬೆಳೀತಂತೆ ಕಣೋ," ಎಂದಳು. ಕಥೆ ನಾನೇ ತರಗತಿಯಲ್ಲಿ ಹೇಳುವಂಥದ್ದು. ಬೊಗಸೆಯ ಮೀನು ಗಡಿಗೆ ಸಾಲದೆ ಕೊಳಕ್ಕೆ, ಕೊಳ ಸಾಲದೆ ಹೊಳೆಗೆ, ಕೊನೆಗೆ ಸಮುದ್ರಕ್ಕೆ ಹೋಗಿ, ಪ್ರಳಯದಲ್ಲಿ ಮನುವಿನ ದೋಣಿ ಎಳೆಯಿತು. ನಮ್ಮ ಕ್ಲೀನರ್ ದೋಣಿ ಎಳೆಯುವ ಲಕ್ಷಣ ಕಾಣಲಿಲ್ಲ. ಆದರೂ ಅವ್ವನ ತೀರ್ಮಾನವಾಗಿತ್ತು. ಮೊಳಕಾಲ್ಮೂರಿನ ಆಚೆ, ಆಂಧ್ರದ ಗಡಿಗೆ ಒರಗಿಕೊಂಡಿರುವ ಅವಳ ತವರಿನಲ್ಲಿ ಆ ವರ್ಷ ಕೆರೆ ಕೋಡಿ ಬಿದ್ದಿತ್ತು. "ನಮ್ಮೂರ ಕೆರೆಗೆ ಬಿಟ್ರೆ ಪುಣ್ಯ ಬರ್ತೈತೆ. ಬಕೀಟು ತಗೋ."

ಹಾಗೆ ಒಂದು ಭಾನುವಾರ ಅವ್ವ, ನಾನು, ಕ್ಲೀನರ್ ಮೂವರೂ ಬಸ್ಸು ಹತ್ತಿದೆವು. ಕಂಡಕ್ಟರು ಮುಚ್ಚಿದ ಬಕೆಟ್ಟನ್ನು ನೋಡಿ, "ಏನಮ್ಮ, ಹಾಲಾ?" ಎಂದ. ಒಳಗಿನಿಂದ ದಬ್ ಎಂದು ಸದ್ದಾಯಿತು. ಆತ ಟಿಕೆಟ್ಟು ಹರಿದು ಕೊಟ್ಟು ಹಿಂದಿನ ಸೀಟಿಗೆ ಸರಿದ.

ಅವ್ವನ ತಮ್ಮ ಪಾಲಯ್ಯ ಮಾವ ಕೆರೆ ಏರಿಯ ಮೇಲೆಯೇ ಸಿಕ್ಕಿದ. ಊರವರೆಲ್ಲ ಸೇರಿ ಕೆರೆಗೆ ಕಾಟ್ಲಾ, ರೋಹು ಮರಿ ಬಿಟ್ಟು ತಿಂಗಳೂ ಆಗಿರಲಿಲ್ಲ. ಆ ಸಂಭ್ರಮದಲ್ಲಿ ಮಾವ ದಿನಾ ಬಂದು ನೀರು ನೋಡುತ್ತಿದ್ದ. ನಗುನಗುತ್ತ ಬಕೆಟ್ಟಿನ ಮುಚ್ಚಳ ತೆಗೆದವನು ಹಾವು ಕಂಡವನಂತೆ ಹಿಂದಕ್ಕೆ ಹಾರಿದ.

"ಅಯ್ಯಯ್ಯೋ, ದಯ್ಯಂ ಚೇಪ!"

ತೆಲುಗಿನಲ್ಲಿ ದೆವ್ವದ ಮೀನು. ಮಾವನ ಮಗಳನ್ನು ಕೊಟ್ಟಿರುವುದು ಆಂಧ್ರದ ಕಡೆಗೆ. ಅಲ್ಲಿ ಯಾರೋ ಮನೆಯಲ್ಲಿ ಸಾಕಿ ಸಾಕಾಗಿ ಬಿಟ್ಟ ಇಂಥ ಮೀನು ಸಂತಾನ ಬೆಳೆಸಿ, ಬೀಗರ ಊರಿನ ಕೆರೆಯಲ್ಲಿ ಈಗ ಬಲೆ ಎಳೆದರೆ ಇದೇ ಬರುತ್ತಿತ್ತು. ತಿನ್ನಲು ಆಗದು, ಮಾರಲು ಆಗದು, ಬಿಡಿಸಲು ಹೋದರೆ ಮುಳ್ಳಿಗೆ ಬಲೆಯೇ ಹರಿಯುವುದು.

"ಒಂದೇ ಒಂದು ಮೀನಿಗೆ ಅಷ್ಟೊಂದು ಹೆದರ್ತೀಯಲ್ಲೋ," ಎಂದು ಅವ್ವ ರೇಗಿದಳು. "ಈ ಕೆರ್ಯಾಗೆ ನನಗೂ ಹಕ್ಕೈತೆ. ನಾನು ಈಜು ಕಲ್ತ ಕೆರೆ ಇದು."

"ಹಕ್ಕೈತಕ್ಕಾ, ಯಾರು ಇಲ್ಲ ಅಂದ್ರು? ನೀನು ಬೇಕಾದ್ರೆ ಇಳಿ. ಇದು ಬ್ಯಾಡ."

ಅಕ್ಕತಮ್ಮಂದಿರ ಜಗಳ ಕೆರೆ ಬಿಟ್ಟು ತವರಿನ ಹಳೆಯ ಲೆಕ್ಕಗಳಿಗೆ ಹೊರಳಿತು. ಎಂದೋ ಕೊಡದೆ ಉಳಿದ ಸೀರೆಯೂ ಬಂತು. ನಾನು ಮಧ್ಯೆ ಬಕೆಟ್ಟು ಹಿಡಿದು, ಜಪ್ತಿಯಾಗಿ ನ್ಯಾಯಾಲಯಕ್ಕೆ ಬಂದ ಮುದ್ದೆಮಾಲನ್ನು ಕಾಯುವ ಪೇದೆಯಂತೆ ನಿಂತಿದ್ದೆ. ಸೋತು ಸುಣ್ಣವಾದ ಮಾವ ಕೊನೆಗೆ ದನಿ ತಗ್ಗಿಸಿ ಕೇಳಿದ:

"ಅಕ್ಕಾ, ನಾನು ಬಂದಾಗ ನಿಮ್ಮನೆಯಾಗಿದ್ದ ಕೆಂಪು ಮೀನು ಎಲ್ಲಿ?"

ಏರಿಯ ಕೆಳಗೆ ದಡದ ನೀರಿನಲ್ಲಿ ಸಣ್ಣ ಮರಿಗಳು ಗುಂಪುಗುಂಪಾಗಿ ಓಡಾಡುತ್ತಿದ್ದವು. ಅವ್ವ ಅವನ್ನೇ ನೋಡುತ್ತ ನಿಂತಳು. ಅವಳನ್ನು ನೋಡುತ್ತ ನಾನು ಹಿಡಿತ ಸಡಿಲಿಸಿದೆ. ಅಷ್ಟು ಸಾಕಾಯಿತು. ಕ್ಲೀನರ್ ಒಮ್ಮೆ ಎಗರಿದ, ಬಕೆಟ್ಟು ಉರುಳಿತು, ಅವನು ಇಳಿಜಾರಿಗೆ ಬಿದ್ದ.

ಮೀನು ನೆಲದ ಮೇಲೆ ಒದ್ದಾಡುವುದನ್ನು ನಾನು ನೋಡಿದ್ದೆ. ನಡೆಯುವುದನ್ನು ನೋಡಿರಲಿಲ್ಲ. ಇವನು ರೆಕ್ಕೆಗಳನ್ನು ಊರಿ, ಬಾಲ ಒದ್ದು, ಒದ್ದೆ ಮಣ್ಣಿನಲ್ಲಿ ನೀರಿನತ್ತ ತೆವಳತೊಡಗಿದ. ಮಾವ ಹೆಗಲ ಟವೆಲ್ ಎಸೆದ. ಅದು ನನ್ನ ಮುಖಕ್ಕೆ ಬಿತ್ತು. ನಾನು ಕಣ್ಣು ಬಿಡಿಸಿಕೊಳ್ಳುವಷ್ಟರಲ್ಲಿ ಎಪ್ಪತ್ತು ದಾಟಿದ ನಮ್ಮವ್ವ ಸೀರೆ ಎತ್ತಿ ಕಟ್ಟಿ, ಇಳಿಜಾರಿನಲ್ಲಿ ಕುಳಿತೇ ಜಾರಿ, ನೀರಿಗೆ ಇನ್ನು ಗೇಣು ಇದೆ ಎನ್ನುವಾಗ ಬಕೆಟ್ಟನ್ನು ಅವನ ಮೇಲೆ ಕವುಚಿ ಹಾಕಿ, ಅದರ ಮೇಲೆ ಎರಡೂ ಕೈ ಊರಿ ಕುಳಿತಳು.

"ಪುಣ್ಯ ಆಮೇಲೆ ನೋಡಾನ," ಎಂದಳು ಏದುಸಿರಿನಲ್ಲಿ. "ಮೊದ್ಲು ನನ್ನ ಮೇಲಕ್ಕೆ ಎಬ್ಬಿಸ್ರಿ."

ಪುರಾಣದ ಮೀನು ಬೇಡಿಕೊಂಡದ್ದು, ದೊಡ್ಡ ಮೀನುಗಳಿಂದ ನನ್ನನ್ನು ಕಾಪಾಡು ಎಂದು. ಕಾಪಾಡುವ ಹುರುಪಿನಲ್ಲಿ ನಾವು ಹೊತ್ತು ತಂದದ್ದು ಆ ದೊಡ್ಡ ಮೀನನ್ನೇ.

ಮಾವ ಮಧ್ಯಾಹ್ನ ಕೋಳಿಸಾರು ಮುದ್ದೆ ಉಣ್ಣಿಸಿ ಕಳಿಸಿದ. ಅವ್ವನಿಗೆ ಒಂದು ಸೀರೆಯನ್ನೂ ಉಡಿಸಿದ. ಕ್ಲೀನರನನ್ನು ವಾಪಸ್ಸು ತಗೊಳ್ಳಿ ಎಂದರೆ ಅಂಗಡಿಯ ಸಾಬರು ಕೈ ಮುಗಿದರು. ಕೊಲ್ಲುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಹಿತ್ತಲಿನಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿ, ಮೇಲೆ ಜಾಲರಿ ಹಾಕಿಸಿದೆ. ಈಗ ಅವ್ವ ದಿನಾ ಸೌತೆಕಾಯಿ ಹೋಳು ಹಾಕಿ ಬಯ್ಯುತ್ತಾಳೆ, ಅವನು ತಿನ್ನುತ್ತಾನೆ. ಆ ಬೈಗುಳ ಕೇಳುತ್ತ ಕುಳಿತರೆ ನನ್ನ ಬಿ.ಪಿ. ಇಳಿಯುತ್ತದೆ ಎಂಬುದು ವೈದ್ಯಶಾಸ್ತ್ರ ಗಮನಿಸಬೇಕಾದ ಸಂಗತಿ.

ಮೊನ್ನೆ ವರ್ಗವಾಗಿ ಹೊರಟ ಎದುರುಮನೆಯವರು ಒಂದು ಬಕೆಟ್ಟು ಹಿಡಿದು ಬಂದರು. ಅದರಲ್ಲೂ ಒಂದು ಕರಿ ಮೀನು. "ಮೇಷ್ಟ್ರೇ, ಇದನ್ನ ಕೆರೆಗೆ ಬಿಡಾನ ಅಂತಿದ್ದೆ. ನಿಮ್ಮನೆಯಾಗೆ ಒಂದೈತಲ್ಲ, ಜೊತೆಗೆ ಇರ್ಲಿ."

ಅವ್ವ ಬಕೆಟ್ಟು ಕೈಗೆ ತೆಗೆದುಕೊಂಡು ಬಗ್ಗಿ ನೋಡಿದಳು. "ಗಂಡೋ ಹೆಣ್ಣೋ?"

"ಯಾರಿಗೆ ಗೊತ್ತಮ್ಮ?"

ಅವ್ವ ನನ್ನ ಕಡೆ ತಿರುಗಿದಳು.

"ಗಾರೆಯವನಿಗೆ ಹೇಳಪ್ಪ. ದಯೆ ಇರ್ಲಿ, ಮಧ್ಯಕ್ಕೆ ಒಂದು ಗೋಡೇನೂ ಇರ್ಲಿ."